‘ಆರಾಮ’ ಎಂದು ಫೋನಿಟ್ಟ ಮೇಲೆ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು. ಕಾರವಾರದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಬಾಡಿಗೆ ರೂಮಿನಲ್ಲಿ ಮೂವರಿದ್ದೇವೆ. ಉಳಿದಿಬ್ಬರು ಕೊಂಕಣಿಯಲ್ಲೇ ಮಾತಾಡಿಕೊಳ್ಳುತ್ತಾರೆ. ಕಳೆದ ಸೆಮಿಸ್ಟರಿನ ಗಣಿತದ ಒಂದು ಪೇಪರ್ ಉಳಿದಿದೆ, ಮನೆಯಲ್ಲಿ ಹೇಳಿಲ್ಲ. ಹೋದ ಮಳೆಗಾಲದಲ್ಲಿ ತೋಟಕ್ಕೆ ಕೊಳೆ ರೋಗ ಬಂದು ಅಡಿಕೆ ಹೋಯಿತು. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಫೀ ಕಟ್ಟಿದ್ದಾರೆ. ಪರೀಕ್ಷೆಗೆ ಐದು ವಾರ ಇದೆ. ರಾತ್ರಿ ಎರಡರವರೆಗೆ ಓದಿದರೂ ತಲೆಗೆ ಹತ್ತುವುದಿಲ್ಲ. ಮಲಗಿದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ. ಸೆಲ್ಫ್ ಕೇರ್ ವಿಡಿಯೋ ನೋಡಿ ಬೆಳಿಗ್ಗೆ ಐದಕ್ಕೆ ಏಳುವುದು, ಧ್ಯಾನ, ಡೈರಿ ಎಲ್ಲ ಶುರು ಮಾಡಿದೆ. ನಾಲ್ಕನೇ ದಿನಕ್ಕೆ ಬಿಟ್ಟುಹೋಯಿತು. ಅದೂ ನನ್ನಿಂದ ಆಗಲಿಲ್ಲ ಎಂದು ಅತ್ತೆ. ಎಲ್ಲ ಬಿಟ್ಟು ಎಲ್ಲಾದರೂ ಹೋಗಿಬಿಡೋಣ ಅನಿಸುತ್ತದೆ. ಆಯಿ ದಿನಾ ಫೋನ್ ಮಾಡುತ್ತಾಳೆ. ಆರಾಮ ಎಂದು ಹೇಳಿ ಇಡುತ್ತೇನೆ. ಏನು ಮಾಡಲಿ ಮೇಡಂ? ನಾನು ಚಿಕ್ಕವಳು, ನೀನು ಎಂದೇ ಕರೆಯಿರಿ.

ಉತ್ತರ: ತಂಗಿ, ನಿನ್ನ ಪತ್ರದ ಒಂದು ಸಾಲನ್ನು ಮೊದಲು ಹಿಡಿಯುತ್ತೇನೆ. ‘ಎಲ್ಲಾದರೂ ಹೋಗಿಬಿಡೋಣ’ ಎಂದಿದ್ದೀಯ. ಹೋಗುವುದು ಅಂದರೆ ಊರಿಗೆ ಹೋಗುವುದಾ? ಯಾರ ಕಣ್ಣಿಗೂ ಬೀಳದೆ ಎರಡು ದಿನ ಸುಮ್ನೆ ಮಲಗುವುದಾ? ಅಥವಾ ಬದುಕೇ ಬೇಡ ಅನಿಸುತ್ತಿದೆಯಾ? ಇದನ್ನು ಸುತ್ತಿ ಬಳಸದೆ ಕೇಳುತ್ತಿದ್ದೇನೆ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಕೇಳಿದ ಮೇಲೆ ಹಗುರಾಗಿ ಅತ್ತವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಮೂರನೆಯದು ಹೌದಾದರೆ ಈ ಉತ್ತರವನ್ನು ಆಮೇಲೆ ಓದು. ಈಗಲೇ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಾಗಿಲ್ಲ. ರಾತ್ರಿ ಎರಡಕ್ಕೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡಬಹುದು. ಅಂಥ ಹೊತ್ತಿನಲ್ಲಿ ಒಬ್ಬಳೇ ಇರಬೇಡ. ರೂಮಿನವರನ್ನು ಎಬ್ಬಿಸು. ಅವರು ಯಾವ ಭಾಷೆಯವರಾದರೂ ಎದ್ದು ಕೂರುತ್ತಾರೆ.

ಮೊದಲ ಎರಡರಲ್ಲಿ ಒಂದಾದರೆ ಕೂತು ಓದು.

ಪತ್ರ ಓದಿದಾಗ ನನ್ನನ್ನು ಹೆಚ್ಚು ಕಾಡಿದ್ದು ಗಣಿತದ ಪೇಪರಲ್ಲ. ಸೆಲ್ಫ್ ಕೇರ್ ಕೂಡ ನಿನಗೆ ಫೇಲಾಗುವ ಇನ್ನೊಂದು ಪೇಪರಾಗಿದೆಯಲ್ಲ, ಅದು. ಎರಡಕ್ಕೆ ಮಲಗಿ ಐದಕ್ಕೆ ಎದ್ದರೆ ಮೂರು ತಾಸು ನಿದ್ದೆ. ನಿನ್ನ ವಯಸ್ಸಿಗೆ ಬೇಕಾದ್ದು ಏಳರಿಂದ ಒಂಬತ್ತು ತಾಸು. ಮೂರು ದಿನ ಹಾಗೆ ಎದ್ದದ್ದೇ ದೊಡ್ಡದು. ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ಇಳಿಯುವವರನ್ನು ನೀನು ನೋಡಿರುತ್ತೀಯ. ಅವರ ತಲೆ ಮೇಲೆ ಇನ್ನೊಂದು ಕಟ್ಟು ಇಟ್ಟು ‘ಇದು ದಣಿವು ಕಳೆಯಲಿಕ್ಕೆ’ ಎಂದರೆ ಹೇಗಿರುತ್ತದೆ? ಆ ವಿಡಿಯೋಗಳು ನಿನಗೆ ಮಾಡಿದ್ದು ಅದನ್ನೇ. ಧ್ಯಾನ ಒಳ್ಳೆಯದೇ, ಡೈರಿಯೂ ಒಳ್ಳೆಯದೇ. ಆದರೆ ಹೊರೆ ಇಳಿಸುವ ಕೆಲಸ ಮೊದಲು ಆಗಬೇಕು. ಹೊಸದಾಗಿ ಏನನ್ನಾದರೂ ಸೇರಿಸುವುದು ಆಮೇಲೆ.

ಎದೆಬಡಿತದಿಂದಲೇ ಶುರು ಮಾಡೋಣ, ಯಾಕೆಂದರೆ ಅದು ಹೆದರಿಸುತ್ತದೆ. ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಅಡ್ರಿನಲ್ ಗ್ರಂಥಿಗಳು ಕೂತಿವೆ. ಹೆದರಿಕೆಯಾದಾಗ ಅವು ಅಡ್ರಿನಲಿನ್ ಬಿಡುತ್ತವೆ. ಹೃದಯ ಜೋರಾಗುತ್ತದೆ. ರಕ್ತ ಕೈಕಾಲಿನ ದೊಡ್ಡ ಸ್ನಾಯುಗಳ ಕಡೆ ಹೋಗುತ್ತದೆ, ಬೆರಳು ತಣ್ಣಗಾಗುತ್ತದೆ. ಇದೆಲ್ಲ ಓಡಲಿಕ್ಕೆ ಮಾಡುವ ತಯಾರಿ. ತೋಟದಲ್ಲಿ ಹಾವು ಕಂಡರೆ ಓಡಿ ಮನೆಯ ಅಂಗಳ ಸೇರುತ್ತೇವೆ, ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ. ಸಾಲಕ್ಕೆ, ಉಳಿದ ಪೇಪರಿಗೆ ಹೆದರಿದರೆ ಓಡಿ ಸೇರುವ ಅಂಗಳ ಯಾವುದು? ನೀನು ಹಾಸಿಗೆಯಲ್ಲಿದ್ದರೂ ದೇಹ ಓಟಕ್ಕೆ ಸಿದ್ಧವಾಗಿಯೇ ಇರುತ್ತದೆ. ಒತ್ತಡ ವಾರಗಟ್ಟಲೆ ಎಳೆದರೆ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರುಪೇರಾಗುತ್ತದೆ. ಆಗ ನಿದ್ದೆ ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಮುಟ್ಟು ಹಿಂದೆಮುಂದೆ ಆಗುತ್ತದೆ, ಓದಿದ್ದು ನೆನಪಿಗೆ ಬರುವುದಿಲ್ಲ. ನಿನ್ನ ತಲೆ ದಡ್ಡಾಗಿಲ್ಲ ತಂಗಿ. ಅದು ಬೇರೆ ಕೆಲಸದಲ್ಲಿದೆ.

ಅಂಥ ಬಡಿತ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ಇಳಿಯತೊಡಗುತ್ತದೆ. ಇದು ಗೊತ್ತಿದ್ದರೇ ಅರ್ಧ ಧೈರ್ಯ. ಉಸಿರು ಎಳೆದಾಗ ಹೃದಯದ ಬಡಿತ ಸ್ವಲ್ಪ ಹೆಚ್ಚುತ್ತದೆ, ಬಿಟ್ಟಾಗ ತಗ್ಗುತ್ತದೆ. ಆದ್ದರಿಂದ ಬಿಡುವ ಉಸಿರನ್ನು ಉದ್ದ ಮಾಡು. ನಾಲ್ಕು ಎಣಿಸುತ್ತ ಎಳೆ, ಆರು ಎಣಿಸುತ್ತ ಬಿಡು, ಐದು ನಿಮಿಷ ಸಾಕು. ಎದೆ ಹೊಡೆದುಕೊಳ್ಳುವಾಗ ಹೊಸದಾಗಿ ಕಲಿಯಲು ಆಗುವುದಿಲ್ಲ, ಹಾಗಾಗಿ ಆರಾಮಿದ್ದಾಗಲೇ ರೂಢಿ ಮಾಡಿಕೋ. ಸಂಜೆ ಮಳೆ ಬಿಟ್ಟಿದ್ದರೆ ಟಾಗೋರ್ ಬೀಚಿಗೆ ಹೋಗಿ ದಂಡೆಯ ಮೇಲೆ ಕೂತು ಮಾಡು. ತೆರೆ ಬರುವಾಗ ಎಳೆ, ಹಿಂದೆ ಸರಿಯುವಾಗ ಬಿಡು. ಮಳೆಗಾಲದ ಕಡಲು, ನೀರಿಗೆ ಮಾತ್ರ ಇಳಿಯಬೇಡ.

ಈಗ ನಿದ್ದೆ. ಇದರಲ್ಲಿ ನಾನು ಹಟ ಮಾಡುತ್ತೇನೆ, ಚೌಕಾಸಿ ಇಲ್ಲ. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಹನ್ನೊಂದರಿಂದ ಎರಡರವರೆಗೆ ನೀನು ಓದುವ ಮೂರು ತಾಸು, ಸಂಜೆ ಓದಿದ್ದನ್ನೂ ಕಳೆಯುತ್ತಿದೆ. ನಾಳೆಯೇ ಹತ್ತಕ್ಕೆ ಮಲಗು ಎಂದರೆ ಆಗುವುದಿಲ್ಲ, ನಿನ್ನ ವಯಸ್ಸಿನಲ್ಲಿ ದೇಹದ ಗಡಿಯಾರವೇ ಸ್ವಲ್ಪ ತಡ ಓಡುತ್ತದೆ. ಏಳುವ ಹೊತ್ತನ್ನು ಮೊದಲು ಕಟ್ಟಿಹಾಕು. ಏಳು ಗಂಟೆ ಅಂದರೆ ಏಳು ಗಂಟೆ, ಭಾನುವಾರವೂ. ಮಲಗುವುದನ್ನು ಮೂರು ದಿನಕ್ಕೊಮ್ಮೆ ಅರ್ಧ ತಾಸು ಹಿಂದೆ ತಾ. ಹನ್ನೆರಡು ದಿನದಲ್ಲಿ ಹನ್ನೆರಡು ಗಂಟೆಗೆ ಬರುತ್ತೀಯ. ಪರೀಕ್ಷೆಯ ಹೊತ್ತಿಗೆ ಹನ್ನೊಂದೂವರೆ ಆದರೆ ನನಗೆ ಖುಷಿ.

ಎದ್ದ ಕೂಡಲೇ ಹತ್ತಿಪ್ಪತ್ತು ನಿಮಿಷ ಹೊರಗೆ ನಿಲ್ಲು, ಛತ್ರಿ ಹಿಡಿದಾದರೂ ಸರಿ. ನಮ್ಮ ಕರಾವಳಿಯ ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ, ಮನಸ್ಸೂ ಮುಗ್ಗುತ್ತದೆ. ಆದರೂ ಮೋಡದ ಬೆಳಗಿನಲ್ಲಿ ಹೊರಗಿನ ಬೆಳಕು ಸಾವಿರ ಲಕ್ಸ್ ದಾಟುತ್ತದೆ, ಲಕ್ಸ್ ಅಂದರೆ ಬೆಳಕಿನ ಅಳತೆ. ಟ್ಯೂಬ್‌ಲೈಟಿನ ರೂಮಿನಲ್ಲಿ ಇನ್ನೂರು ಮುನ್ನೂರು ಇದ್ದರೆ ಹೆಚ್ಚು. ದೇಹದ ಗಡಿಯಾರಕ್ಕೆ ಕೀಲಿ ಕೊಡುವುದು ಆ ಹೊರಗಿನ ಬೆಳಕೇ. ಚಹಾ ಸಂಜೆ ನಾಲ್ಕಕ್ಕೆ ಕೊನೆ. ಕುಡಿದು ಐದಾರು ತಾಸಾದರೂ ಕೆಫೀನಿನ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ರಾತ್ರಿ ಹನ್ನೊಂದರ ಚಹಾ ನಿನ್ನನ್ನು ಓದಿಸುವುದಕ್ಕಿಂತ ಎದೆ ಬಡಿಸುವುದೇ ಜಾಸ್ತಿ. ಬಿಸಿ ಏನಾದರೂ ಬೇಕೇ ಬೇಕಾದರೆ ಮನೆಯಿಂದ ಕಷಾಯದ ಪುಡಿ ತರಿಸಿಕೋ, ಹಾಲು ಹಾಕಿ ಕುಡಿ. ಊಟ ಬಿಡಬೇಡ. ಗಂಜಿ, ತಂಬುಳಿ, ಮೊಸರನ್ನ ಏನಾದರೂ ಆಗಲಿ, ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಲಿ. ಮೊಬೈಲನ್ನು ಕೈಗೆ ಸಿಗದ ಜಾಗದಲ್ಲಿ ಚಾರ್ಜಿಗಿಡು. ಇದಕ್ಕಿಂತ ದೊಡ್ಡ ಉಪದೇಶ ಅದಕ್ಕೆ ಬೇಡ.

ಇನ್ನು ಫೋನ್ ಮಾತಿಗೆ ಬರುತ್ತೇನೆ. ನಿನ್ನ ಹೊರೆಯಲ್ಲಿ ಭಾರ ಜಾಸ್ತಿ ಇರುವುದು ಅಲ್ಲೇ ಎಂದು ನನಗನಿಸುತ್ತದೆ.

‘ಆರಾಮಾ?’ ‘ಹ್ಞಾಂ, ಆರಾಮ.’ ‘ಊಟ ಆತಾ?’ ‘ಆತು.’ ‘ಮಳೆ ಇದ್ದಾ?’ ‘ಇದ್ದು.’ ನಮ್ಮ ಕಡೆಯ ಪ್ರತಿ ಮನೆಯಲ್ಲೂ ಈ ಫೋನ್ ಹೀಗೇ ನಡೆಯುತ್ತದೆ. ಆರಾಮ ಎನ್ನುವುದು ನಮಗೆ ಉತ್ತರವೇ ಅಲ್ಲ, ನಮಸ್ಕಾರದ ಹಾಗೆ. ಎದುರಿನವರನ್ನು ನೋಯಿಸಬಾರದು ಎಂಬ ಪ್ರೀತಿಯೂ ಅದರಲ್ಲಿದೆ. ಆದರೆ ಹೊಟ್ಟೆಯಲ್ಲಿ ಗುಟ್ಟೊಂದನ್ನು ಇಟ್ಟುಕೊಂಡು ದಿನಾ ಆರಾಮ ಎನ್ನುವವಳಿಗೆ, ಆ ಫೋನ್ ಬರುವ ಎಂಟು ಗಂಟೆಯೇ ಸಣ್ಣ ಪರೀಕ್ಷೆಯಾಗುತ್ತದೆ. ದನಿ ನಡುಗಬಾರದು, ಸುದ್ದಿ ಓದಿನ ಕಡೆ ಹೋಗಬಾರದು. ದಿನಾ ಒಂದು ಪರೀಕ್ಷೆ ಬರೆದು ಆಮೇಲೆ ನಿಜವಾದ ಪರೀಕ್ಷೆಗೆ ಓದಲು ಕೂರುತ್ತೀಯ.

ಇದು ನನಗೆ ಗೊತ್ತು, ಯಾಕೆಂದರೆ ನಾನೂ ಮಾಡಿದ್ದೇನೆ. ಧಾರವಾಡದಲ್ಲಿ ಎಂ.ಎ. ಓದುವಾಗ ಸಂಖ್ಯಾಶಾಸ್ತ್ರದ ಪೇಪರ್ ಹೋಯಿತು. ಏಳು ತಿಂಗಳು ಮನೆಯಲ್ಲಿ ಹೇಳಲಿಲ್ಲ. ಆ ಏಳು ತಿಂಗಳಲ್ಲಿ ರಜೆಗೆ ಊರಿಗೆ ಹೋಗುವುದನ್ನೇ ತಪ್ಪಿಸಿದೆ, ಅಜ್ಜಿಯ ಕಾಯಿಲೆಗೂ ಒಂದು ದಿನ ಬಂದು ಓಡಿದೆ. ಕೊನೆಗೆ ಅಡಿಕೆ ಸುಲಿಯುವ ಕಾಲದಲ್ಲಿ, ಮೆಟ್ಟುಗತ್ತಿಯ ಮುಂದೆ ಕೂತಿದ್ದ ಅಪ್ಪನ ಹತ್ತಿರ ಹೇಳಿದೆ. ಅವರು ತಲೆ ಎತ್ತಲಿಲ್ಲ. ‘ಮತ್ತೆ ಕಟ್ಟಲಿಕ್ಕೆ ಎಷ್ಟು?’ ಎಂದು ಕೇಳಿದರು, ಅಷ್ಟೇ. ಹೇಳಿದೆ. ‘ಹ್ಞೂಂ’ ಎಂದರು. ಆ ರಾತ್ರಿ ಒಂಬತ್ತಕ್ಕೆ ಮಲಗಿದವಳು ಬೆಳಿಗ್ಗೆ ಎಂಟಕ್ಕೆ ಎದ್ದೆ.

ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ ಎಂದು ಹೇಳಲಾರೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗ ಹೇಳಿದಾಗ ಅವನ ಅಪ್ಪ ಎಂಟು ದಿನ ಮಾತು ಬಿಟ್ಟಿದ್ದರು. ಆ ಎಂಟು ದಿನ ಕಷ್ಟವಾಯಿತು. ಆದರೂ ಒಂಬತ್ತನೇ ದಿನದಿಂದ ಅವನ ಹೊಟ್ಟೆನೋವು ಕಡಿಮೆಯಾಯಿತು. ಮುಚ್ಚಿಡುವ ಹೆದರಿಕೆಗೆ ಕೊನೆಯ ದಿನ ಇರುವುದಿಲ್ಲ, ಬೈಗುಳಕ್ಕೆ ಇರುತ್ತದೆ.

ಫೋನಿನಲ್ಲಿ ಹೇಳಬೇಡ. ಒಂದು ಶನಿವಾರ ಊರಿಗೆ ಹೋಗು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಬಸ್ ಚಾರ್ಜು ಉಳಿಸಲಿಕ್ಕೆ ಹೋಗಲಿಲ್ಲ ಎನ್ನುವ ನೆಪ ಉಳಿದಿಲ್ಲ ಅಲ್ವಾ? ಮಳೆ ಜೋರಿದ್ದರೆ ಘಟ್ಟದ ರಸ್ತೆ ತೆರೆದಿದೆಯಾ ಎಂದು ವಿಚಾರಿಸಿ ಹೊರಡು. ಮೊದಲು ಆಯಿಗೆ ಹೇಳು, ಅಡಿಗೆಮನೆಯಲ್ಲಿ, ಏನಾದರೂ ಕೆಲಸ ಮಾಡುತ್ತ. ಎದುರುಬದುರು ಕೂತು ಹೇಳುವುದಕ್ಕಿಂತ ಅದು ಸುಲಭ. ಮಾತು ಹೀಗಿರಲಿ: ‘ಆಯಿ, ಗಣಿತದ ಒಂದು ಪೇಪರ್ ಉಳಿದಿದೆ. ಮತ್ತೆ ಬರೆಯಬಹುದು, ಬರೆಯುತ್ತೇನೆ. ಇದನ್ನು ಮುಚ್ಚಿಟ್ಟು ನನಗೆ ನಿದ್ದೆ ಬರುತ್ತಿಲ್ಲ.’ ಕ್ಷಮೆ, ಸಮಜಾಯಿಷಿ ಉದ್ದ ಮಾಡಬೇಡ. ಅಪ್ಪನಿಗೆ ಹೇಗೆ ಹೇಳಬೇಕು ಎಂದು ಆಯಿಯನ್ನೇ ಕೇಳು. ಅದು ಅವಳಿಗೆ ನಿನಗಿಂತ ಚೆನ್ನಾಗಿ ಗೊತ್ತು.

ಸಾಲದ ಬಗ್ಗೆಯೂ ಒಂದು ಮಾತು. ಅಪ್ಪನ ಸಾಲವನ್ನು ನಿನ್ನ ಒಂದೊಂದು ಅಂಕದ ಜೊತೆ ಕಟ್ಟಿಕೊಂಡಿದ್ದೀಯ. ಕೊಳೆ ಬಂದದ್ದು ಮಳೆಯಿಂದ. ಅದು ನಿನ್ನ ಲೆಕ್ಕಕ್ಕೆ ಬರುವುದಿಲ್ಲ. ಮನೆಗೆ ದುಡ್ಡಿನ ಸಹಾಯ ಮಾಡಬೇಕು ಎಂದಿದ್ದರೆ ಮಾಡಬಹುದಾದ ಕೆಲಸ ಬೇರೆ ಇದೆ. ರೈತರ ಮಕ್ಕಳಿಗೆ 2021ರಲ್ಲಿ ರಾಜ್ಯ ಸರ್ಕಾರ ರೈತ ವಿದ್ಯಾನಿಧಿ ಶುರು ಮಾಡಿತು. ಪದವಿ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5,500 ರೂಪಾಯಿ ಎಂದು ಆಗ ನಿಗದಿಯಾಗಿತ್ತು. ಜಮೀನಿನ ದಾಖಲೆ ಕೊಟ್ಟು ಹೆಸರು ನೋಂದಾಯಿಸಿದ ರೈತರಿಗೆ ಸಿಗುವ ಗುರುತಿನ ಸಂಖ್ಯೆ, ಅಂದರೆ ಅಪ್ಪನ ಫ್ರೂಟ್ಸ್ ಐಡಿ ಬೇಕಾಗುತ್ತದೆ. ಈ ವರ್ಷದ ಅರ್ಜಿಯ ಬಗ್ಗೆ ಕಾಲೇಜಿನ ಕಚೇರಿಯಲ್ಲಿ ಕೇಳು, ಬೇರೆ ವಿದ್ಯಾರ್ಥಿವೇತನ ಯಾವುದಿದೆ ಎಂದೂ ಕೇಳು. ರಾತ್ರಿ ಎರಡರವರೆಗೆ ಚಿಂತೆ ಮಾಡುವುದಕ್ಕಿಂತ ಈ ಅರ್ಧ ತಾಸು ಅಪ್ಪನಿಗೆ ಹೆಚ್ಚು ಉಪಯೋಗ.

ಇಷ್ಟು ಇಳಿಸಿದ ಮೇಲೆ ಓದಿನ ಮಾತು. ನೀನು ಹೇಗೆ ಓದುತ್ತೀಯ ಎಂದು ಬರೆದಿಲ್ಲ. ಊಹಿಸುತ್ತೇನೆ: ನೋಟ್ಸ್ ತೆಗೆದು ಮತ್ತೆ ಮತ್ತೆ ಓದುವುದು, ಸಾಲಿನ ಕೆಳಗೆ ಗೆರೆ ಎಳೆಯುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರು ಪಾಠವನ್ನು ಎರಡು ಸಲ ಓದಿದರು. ಕೆಲವರು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಮುಚ್ಚಿ ಬರೆದವರು ಅವರನ್ನು ಹಿಂದೆ ಹಾಕಿದ್ದರು. ಅದಕ್ಕೇ ರಾತ್ರಿ ಓದಿದ್ದು ‘ಬಂತು’ ಅನಿಸಿ ಪರೀಕ್ಷೆಯ ದಿನ ಇಲ್ಲದಾಗುವುದು. ಇನ್ನು ಮುಂದೆ ನಲವತ್ತು ನಿಮಿಷ ಓದು, ಪುಸ್ತಕ ಮುಚ್ಚು, ಹತ್ತು ನಿಮಿಷ ಬಿಳಿ ಹಾಳೆಯಲ್ಲಿ ಬರೆ. ಬರದೆ ಉಳಿದದ್ದನ್ನು ಮಾತ್ರ ಮತ್ತೆ ನೋಡು. ಗಣಿತವಾದರೆ ಬಿಡಿಸಿದ ಲೆಕ್ಕವನ್ನು ಕೈಯಿಂದ ಮುಚ್ಚಿ ಮೊದಲ ಸಾಲಿನಿಂದ ನೀನೇ ಬಿಡಿಸು. ಹಗಲಲ್ಲಿ ಹೀಗೆ ನಾಲ್ಕು ಸಲ ಕೂತರೆ ರಾತ್ರಿಯ ಆ ಮೂರು ತಾಸು ಬೇಕಾಗುವುದೇ ಇಲ್ಲ.

ಡೈರಿ ಬಿಟ್ಟುಹೋಯಿತು ಎಂದೆಯಲ್ಲ. ದಿನಾ ಬರೆಯಬೇಕಾಗಿಲ್ಲ. ಪರೀಕ್ಷೆಯ ದಿನ ಹಾಲಿಗೆ ಹೋಗುವ ಮೊದಲು ಹತ್ತು ನಿಮಿಷ ಒಂದು ಕಾಗದದ ಮೇಲೆ ನಿನ್ನ ಹೆದರಿಕೆಯನ್ನೆಲ್ಲ ಬರೆದು ಹಾಕು. ‘ಬರದಿದ್ದರೆ ಏನು ಗತಿ, ಅಪ್ಪ ಏನೆನ್ನುತ್ತಾರೆ’ ಎಲ್ಲ. 2011ರಲ್ಲಿ ರಾಮಿರೆಜ್ ಮತ್ತು ಬೈಲಾಕ್ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಹೆಚ್ಚು ಹೆದರುವ ವಿದ್ಯಾರ್ಥಿಗಳು ಹೀಗೆ ಬರೆದು ಹೋದಾಗ ಅಂಕ ಸುಧಾರಿಸಿತ್ತು. ತಲೆಯಲ್ಲಿ ಹೆದರಿಕೆ ತುಂಬಿಕೊಂಡರೆ ಲೆಕ್ಕಕ್ಕೆ ಜಾಗ ಕಡಿಮೆ. ಕಾಗದಕ್ಕೆ ಇಳಿಸಿದರೆ ಸ್ವಲ್ಪ ಜಾಗವಾಗುತ್ತದೆ. ಆಮೇಲೆ ಹರಿದು ಹಾಕು.

ರೂಮಿನ ಇಬ್ಬರ ಬಗ್ಗೆ ನೀನು ಒಂದೇ ಸಾಲು ಬರೆದಿದ್ದೀಯ. ನನಗೆ ಅದು ಸಣ್ಣ ವಿಷಯವಾಗಿ ಕಾಣಲಿಲ್ಲ. ನಾಲ್ಕು ಗೋಡೆಯೊಳಗೆ ನಗು ಕೇಳಿಸಿ, ಅದು ಯಾಕೆಂದು ಗೊತ್ತಾಗದೆ ಕೂರುವುದು ಬಹಳ ಒಂಟಿತನ. ಘಟ್ಟದ ಮೇಲಿಂದ ಬಂದ ಅನೇಕ ಮಕ್ಕಳು ಕಾರವಾರದಲ್ಲಿ ಮೊದಲ ವರ್ಷ ಇದನ್ನು ಹೇಳಿಕೊಂಡು ಅತ್ತಿದ್ದಾರೆ. ಅವರು ನಿನ್ನನ್ನು ಬಿಟ್ಟು ಮಾತಾಡುತ್ತಿಲ್ಲ, ಬಾಯಿಗೆ ಬರುವ ಭಾಷೆ ಅದು. ನೀನು ಮನೆಯವರ ಜೊತೆ ಮಾತಾಡುವಾಗ ಅವರಿಗೂ ಅರ್ಧ ತಿಳಿಯುವುದಿಲ್ಲ. ದಿನಕ್ಕೆರಡು ಶಬ್ದ ಕೇಳಿ ಕಲಿ. ತಪ್ಪು ಹೇಳಿದಾಗ ಅವರು ನಗುತ್ತಾರೆ, ಆಗ ಆ ನಗುವಿನಲ್ಲಿ ನೀನೂ ಇರುತ್ತೀಯ. ಮುಂದಿನ ಸಲ ಊರಿಂದ ಬರುವಾಗ ತೊಡೆದೇವು ತಂದು ಮೂವರೂ ತಿನ್ನಿ. ‘ನನಗೆ ರಾತ್ರಿ ಎದೆ ಹೊಡೆದುಕೊಳ್ಳುತ್ತದೆ, ಎಬ್ಬಿಸಿದರೆ ಏಳುತ್ತೀರಾ’ ಎಂದು ಅವತ್ತೇ ಕೇಳಿಬಿಡು.

ವೈದ್ಯರನ್ನು ಯಾವಾಗ ನೋಡಬೇಕು? ಬೇಸರ ಎರಡು ವಾರ ಬಿಡದೆ ಇದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ರುಚಿಸದಿದ್ದರೆ, ಊಟ ನಿದ್ದೆ ಕೆಟ್ಟೇ ಇದ್ದರೆ, ಕಾಲೇಜಿಗೆ ಹೋಗಲಾಗದಿದ್ದರೆ ತಡ ಮಾಡಬೇಡ. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ನಿನಗೆ ಹತ್ತಿರ. ಅಲ್ಲಿ ಮನೋವೈದ್ಯರನ್ನು ಕಾಣಬೇಕು ಎಂದು ಹೇಳು. ಶಿರಸಿಯಲ್ಲಿದ್ದಾಗಲಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸು. ‘ಊರಿನವರು ಯಾರಾದರೂ ನೋಡಿದರೆ’ ಎಂಬ ಅಂಜಿಕೆ ನಮ್ಮ ಜಿಲ್ಲೆಯಲ್ಲಿ ಬಹಳ ಇದೆ, ನನಗೆ ಗೊತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿನ್ನ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಎಂಬ ಹಕ್ಕನ್ನು ನಿನಗೆ ಕೊಟ್ಟಿದೆ. ಪ್ರಾಣಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭ ಬಿಟ್ಟರೆ, ವೈದ್ಯರು ನಿನ್ನನ್ನು ಕೇಳದೆ ಬೇರೆಯವರಿಗೆ ಹೇಳುವ ಹಾಗಿಲ್ಲ.

ಅದಕ್ಕೂ ಮೊದಲು ಈ ವಾರವೇ ಒಂದು ಕೆಲಸ. ರಕ್ತ ಪರೀಕ್ಷೆ ಮಾಡಿಸು. ಹಿಮೋಗ್ಲೋಬಿನ್, ಥೈರಾಯ್ಡ್, ಮತ್ತು ನೀನು ಸಸ್ಯಾಹಾರಿಯಾದರೆ ವಿಟಮಿನ್ ಬಿ12. ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. ಅದರಿಂದಲೂ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಓದು ತಲೆಗೆ ಹತ್ತುವುದಿಲ್ಲ. ಥೈರಾಯ್ಡ್ ಜಾಸ್ತಿಯಾದರೂ ಎದೆ ಬಡಿಯುತ್ತದೆ, ನಿದ್ದೆ ಬರುವುದಿಲ್ಲ. ‘ಟೆನ್ಷನ್ ಮಾಡ್ಕೊಬೇಡ’ ಎಂದು ಬೈಸಿಕೊಂಡು ಬಂದ ಹುಡುಗಿಯರಲ್ಲಿ ಹಿಮೋಗ್ಲೋಬಿನ್ 8 ಇದ್ದದ್ದನ್ನು ನಾನು ನೋಡಿದ್ದೇನೆ. ಕಬ್ಬಿಣದ ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಅವರ ಮುಖವೇ ಬೇರೆಯಾಗಿತ್ತು. ಎಲ್ಲ ಸರಿ ಇದೆ ಎಂದು ಬಂದರೂ ಒಳ್ಳೆಯದೇ, ಒಂದು ಅನುಮಾನ ಕಳೆಯಿತು. ವರದಿ ಬಂದ ಮೇಲೆ ನನಗೆ ಬರೆ. ಊರಿಗೆ ಹೋಗಿ ಬಂದದ್ದನ್ನೂ ಬರೆ, ಆಯಿ ಏನೆಂದಳು ಎಂದು.